ಏರು ಹತ್ತದ ಗಾಡಿಗೆ ಮೊದಲು ವಿಚಾರ, ಆಮೇಲೆ ಬಿಡಿಭಾಗ



ಈ ಪುಟದಲ್ಲಿ ಇದುವರೆಗೆ ಊರು, ಶಾಲೆ, ಜಾತ್ರೆ, ಹಬ್ಬಗಳ ಕುರಿತೇ ಹೆಚ್ಚಾಗಿ ಬರೆದಿದ್ದೇನೆ. ಈ ಸಲ ಹಳೆಯ ಡೀಸೆಲ್ ಕಾರಿನ ಮಾತು. ವಿಜ್ಞಾನ ಕಲಿಸಿದ ಮೇಷ್ಟ್ರಿಗೆ ಮೋಟಾರಿನ ಉಸಾಬರಿ ಏಕೆ ಎಂದು ಕೆಲವರು ನಗಬಹುದು. ಆದರೆ ಈ ವಿಷಯದಲ್ಲಿ ನನಗೊಂದು ಗಟ್ಟಿಯಾದ ಅಭಿಪ್ರಾಯವಿದೆ. ಅದು ಗಾಡಿಗಷ್ಟೇ ಸಂಬಂಧಿಸಿದ್ದಲ್ಲವಾದುದರಿಂದ ಇಲ್ಲಿ ಬರೆಯುವುದು ಉಚಿತವೆಂದು ತೋರಿತು.

ಸಿರಸಂಗಿಯಿಂದ ಸವದತ್ತಿಗೆ, ಅಲ್ಲಿಂದ ಇನಾಮಹೊಂಗಲ, ಅಮ್ಮಿನಬಾವಿಗಳ ಮೇಲೆ ಧಾರವಾಡಕ್ಕೆ ಹೋಗುವ ದಾರಿಯಲ್ಲಿ ಇಂದಿಗೂ ಹಳೆಯ ಡೀಸೆಲ್ ಗಾಡಿಗಳು ಕಾಣಸಿಗುತ್ತವೆ. ಇಂಡಿಕಾ, ಸುಮೋ, ಕ್ವಾಲಿಸ್, ಮಹೀಂದ್ರ ಜೀಪು ಇವೇ ನಮ್ಮ ಭಾಗದ ಬಡ ಮಧ್ಯಮವರ್ಗದ ವಾಹನಗಳು. 1998ರ ಕೊನೆಯಲ್ಲಿ ಟಾಟಾದವರ ಇಂಡಿಕಾ ಬಂದಾಗ 1405 ಸಿಸಿಯ ಆ ಸಣ್ಣ ಡೀಸೆಲ್ ಎಂಜಿನ್ನು ಹಳ್ಳಿಯ ಗೃಹಸ್ಥನಿಗೂ ಕಾರು ಎಟಕುವಂತೆ ಮಾಡಿತು. ಅದರ ತಯಾರಿಕೆ 2018ರಲ್ಲಿ ನಿಂತಿತು. ಕ್ವಾಲಿಸ್ 2005ರಲ್ಲೇ ನಿಂತಿತ್ತು. ಗಾಡಿಗಳು ಮಾತ್ರ ನಿಂತಿಲ್ಲ. ನಡುರಾತ್ರಿ ಹೆರಿಗೆಯ ನೋವು ಬಂದರೆ, ಹಿರಿಯರಿಗೆ ಎದೆನೋವು ಕಾಣಿಸಿಕೊಂಡರೆ, ಧಾರವಾಡಕ್ಕೋ ಬೆಳಗಾವಿಗೋ ಓಡುವುದು ಮನೆಯ ಮುಂದೆ ನಿಂತಿರುವ ಅಂಥದೇ ಗಾಡಿ. ಅದು ಏರಿನಲ್ಲಿ ಎರಡನೆಯ ಗೇರಿಗೆ ಇಳಿದು ಏದುಸಿರು ಬಿಡತೊಡಗಿದರೆ, ಎದುರಿನಿಂದ ಕಬ್ಬಿನ ಲಾರಿ ಬರುತ್ತಿರುವಾಗ ಮುಂದಿನ ಗಾಡಿಯನ್ನು ದಾಟಲು ಹೋಗಿ ಅರ್ಧದಲ್ಲಿ ಸೊರಗಿದರೆ, ಅದು ಒಳಗಿರುವವರ ಪ್ರಾಣದ ಪ್ರಶ್ನೆ.

ಇಂಥ ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ ಏನಾಗುತ್ತದೆ? ಬಹಳ ಕಡೆ ಬಾನೆಟ್ಟು ತೆರೆಯುವ ಮೊದಲೇ ತೀರ್ಪು ಹೊರಬೀಳುತ್ತದೆ: ‘ಪಂಪ್ ಹೋಗಿದೆ’, ‘ನಾಜಲ್ ಹೋಗಿವೆ’, ‘ಎಂಜಿನ್ ಬೋರಿಗೆ ಬಂದಿದೆ’. ಹತ್ತಾರು ಸಾವಿರ ರೂಪಾಯಿಗಳ ಮಾತು. ದೂರದ ಊರಿನಲ್ಲಿರುವ ಮಗನಿಗೆ ಫೋನ್ ಹೋಗುತ್ತದೆ. ‘ಗುಜರಿಗೆ ಹಾಕಿಬಿಡಿ, ಹೊಸದು ಕೊಡಿಸುತ್ತೇನೆ’ ಎಂದು ಅವನು ಹೇಳುತ್ತಾನೆ. ಈ ಎರಡೂ ಮಾತುಗಳಲ್ಲಿ ಒಂದೇ ದೋಷವಿದೆ. ಎರಡೂ ವಿಚಾರಣೆಗೆ ಮೊದಲೇ ಬಂದ ತೀರ್ಪುಗಳು. ಅಗ್ಗದ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕದೆ ತುಟ್ಟಿಯ ಕಾರಣವನ್ನು ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮತ್ತು, ಆ ವಿಚಾರಣೆಯ ಶ್ರಮಕ್ಕೆ ನಾವು ಹಣ ಕೊಡಲು ಕಲಿಯದ ಹೊರತು ಈ ರೋಗ ವಾಸಿಯಾಗುವುದಿಲ್ಲ.

ಮೊದಲು ತತ್ತ್ವವನ್ನು ನೆನಪಿಸಿಕೊಳ್ಳೋಣ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಬರಿಯ ಗಾಳಿಯನ್ನೆಳೆದು ಬಲವಾಗಿ ಅದುಮಲಾಗುತ್ತದೆ. ಹಳೆಯ ಕಾರುಗಳಲ್ಲಿ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದ ಆ ಗಾಳಿ 500 ಡಿಗ್ರಿಗೂ ಮೀರಿ ಕಾಯುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಶಕ್ತಿಗೆ ಬೇಕಾದವು ನಾಲ್ಕೇ: ಸಾಕಷ್ಟು ಗಾಳಿ, ಸಾಕಷ್ಟು ಇಂಧನ, ಸರಿಯಾದ ಒತ್ತಡ, ಸರಿಯಾದ ವೇಳೆ. ಹುಟ್ಟಿದ ಶಕ್ತಿ ಚಕ್ರಕ್ಕೆ ತಲುಪಬೇಕು ಎಂಬುದು ಐದನೆಯದು. ಇದನ್ನು ಬಹಳ ಜನ ಮರೆಯುತ್ತಾರೆ.

ಈ ಐದನೆಯದರಿಂದಲೇ ವಿಚಾರಣೆ ಆರಂಭವಾಗಬೇಕು. ಏಕೆಂದರೆ ಇದಕ್ಕೆ ಖರ್ಚೇ ಇಲ್ಲ. ಸಮತಟ್ಟಾದ ನಿರ್ಜನ ರಸ್ತೆಯಲ್ಲಿ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ತಾನಾಗಿ ಉರುಳಲು ಬಿಡಿ. ಬೇಗನೆ ನಿಂತುಬಿಟ್ಟರೆ ಬ್ರೇಕು ಹಿಡಿದುಕೊಂಡಿದೆ ಎಂದರ್ಥ. ಇಳಿದು ನಾಲ್ಕೂ ಚಕ್ರಗಳ ಬಳಿ ಅಂಗೈಯನ್ನು ದೂರದಿಂದಲೇ ಹಿಡಿದು ನೋಡಿ. ಒಂದು ಮಾತ್ರ ಕಾದ ಹೆಂಚಿನಂತಿದ್ದರೆ ಕಳ್ಳ ಸಿಕ್ಕಂತೆಯೇ. ಟಯರಿನ ಗಾಳಿ ಕಡಿಮೆಯಿದ್ದರೂ ಎಂಜಿನ್ನಿನ ಮೇಲೆಯೇ ಅಪವಾದ ಬರುತ್ತದೆ. ಇನ್ನು ಕ್ಲಚ್ಚು: ಮೇಲಿನ ಗೇರಿನಲ್ಲಿ ಹೋಗುತ್ತಿರುವಾಗ ಆಕ್ಸಿಲೇಟರನ್ನು ಬಲವಾಗಿ ಒತ್ತಿ. ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇಂಥ ಗಾಡಿಗೆ ಹೊಸ ಪಂಪು ಕೂಡಿಸಿದರೆ ಪ್ರಯೋಜನವೇನು?

ಅನಂತರ ಆಕ್ಸಿಲೇಟರಿನ ತಂತಿ. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಪೆಡಲು ನಿಯಂತ್ರಿಸುವುದು ಗಾಳಿಯನ್ನಲ್ಲ, ಇಂಧನದ ಪ್ರಮಾಣವನ್ನು. ಒಬ್ಬರು ಒಳಗೆ ಕುಳಿತು ಪೆಡಲನ್ನು ಪೂರ್ತಿ ಒತ್ತಲಿ, ಇನ್ನೊಬ್ಬರು ಎಂಜಿನ್ ಬಂದ್ ಇರುವಾಗಲೇ ಪಂಪಿನ ಸನ್ನೆ ಕೊನೆಯ ತಡೆಗೆ ಮುಟ್ಟುವುದೇ ಎಂದು ನೋಡಲಿ. ತಂತಿ ಸಡಿಲವಾಗಿದ್ದರೆ, ಪೆಡಲಿನ ಕೆಳಗೆ ದಪ್ಪನೆಯ ಚಾಪೆ ಮುದುಡಿದ್ದರೆ, ಸನ್ನೆ ಮುಕ್ಕಾಲು ದಾರಿಗೇ ನಿಲ್ಲುತ್ತದೆ. ಮುಕ್ಕಾಲು ಇಂಧನ ಕುಡಿದ ಎಂಜಿನ್ನು ಪೂರ್ತಿ ಕೆಲಸ ಮಾಡೀತೆ?

ಮೂರನೆಯದು ಗಾಳಿ. ನನ್ನ ವಿದ್ಯಾರ್ಥಿಗಳಿಗೆ ಲೆಕ್ಕವೆಂದರೆ ಪ್ರೀತಿಯೆಂದು ಭಾವಿಸಿ ಒಂದು ಲೆಕ್ಕ ಕೊಡುತ್ತೇನೆ. ಒಂದು ಕಿಲೋ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಒಂದು ಲೀಟರ್ ಡೀಸೆಲಿನ ತೂಕ ಸುಮಾರು 0.83 ಕಿಲೋ. ಗುಣಿಸಿದರೆ 12 ಕಿಲೋ ಗಾಳಿ, ಅಂದರೆ ಹೆಚ್ಚುಕಡಿಮೆ 10,000 ಲೀಟರು! ಇದು ಕನಿಷ್ಠ ಲೆಕ್ಕ. ವಾಸ್ತವದಲ್ಲಿ ಡೀಸೆಲ್ ಎಂಜಿನ್ನಿಗೆ ಇದಕ್ಕಿಂತ ಹೆಚ್ಚು ಬೇಕು. ಇಷ್ಟು ಗಾಳಿಯೂ ಒಂದು ಕಾಗದದ ಶೋಧಕದ ಮೂಲಕವೇ ಹಾದುಹೋಗಬೇಕು. ಕಬ್ಬಿನ ಹಂಗಾಮಿನಲ್ಲಿ, ಬೇಸಗೆಯಲ್ಲಿ, ನಮ್ಮ ಕರಿಮಣ್ಣಿನ ರಸ್ತೆಗಳ ಧೂಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಂಪನಿಯವರು ಬರೆದ ಕಿಲೋಮೀಟರ್ ಲೆಕ್ಕ ಡಾಂಬರು ರಸ್ತೆಗೆ ಸರಿ. ಹೊಲದ ದಾರಿಯಲ್ಲಿ ಓಡಾಡುವವರು ಅದರ ಅರ್ಧಕ್ಕೇ ಶೋಧಕವನ್ನು ಬಿಚ್ಚಿ ನೋಡಬೇಕು. ಎತ್ತರದ ಪ್ರಭಾವವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸಮುದ್ರಮಟ್ಟದಿಂದ ಪ್ರತಿ 1,000 ಮೀಟರ್ ಏರಿದಂತೆ ಗಾಳಿ ಸುಮಾರು ಶೇಕಡಾ 10ರಷ್ಟು ತೆಳುವಾಗುತ್ತದೆ. ಟರ್ಬೊ ಇಲ್ಲದ ಗಾಡಿ ಗೋವಾದ ಕಡಲತೀರಕ್ಕಿಂತ ನಮ್ಮ ಬೆಳಗಾವಿ ಸೀಮೆಯಲ್ಲಿ ತುಸು ಮೆತ್ತಗಿರುವುದು ಸಹಜ. ಅದು ರೋಗವಲ್ಲ.

ಟರ್ಬೊ ಇರುವ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಟರ್ಬೊವನ್ನಲ್ಲ, ಅದರಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಗಳನ್ನು. ಬೆರಳುದ್ದದ ಸೀಳು, ಸಡಿಲವಾದ ಒಂದು ಪಟ್ಟಿ, ಇಲ್ಲವೆ ಒಣಗಿ ಕಳಚಿದ ಸಣ್ಣ ನಿರ್ವಾತ ನಳಿಕೆ ಇದ್ದರೆ ಸಾಕು, ಅದುಮಿದ ಗಾಳಿ ಹೊರಗೇ ಸೋರಿಹೋಗಿ ಗಾಡಿ ಕಪ್ಪು ಹೊಗೆ ಕಾರುತ್ತ ಸೊರಗುತ್ತದೆ.

ಇನ್ನು ಇಂಧನ. ಹಳೆಯ ಗಾಡಿಗಳ ಸಂಕಟಗಳಲ್ಲಿ ದೊಡ್ಡ ಪಾಲು ಇಲ್ಲಿಯೇ ಅಡಗಿದೆ ಎಂಬುದು ನಾನು ಕಂಡುಕೊಂಡ ಸಂಗತಿ. ಟ್ಯಾಂಕಿನ ಒಳಗಿನ ಜಾಳಿಗೆ, ಟ್ಯಾಂಕಿಗೆ ಗಾಳಿಯಾಡುವ ರಂಧ್ರ, ಲೋಹದ ಕೊಳವೆ, ರಬ್ಬರ್ ತುಂಡುಗಳು, ಶೋಧಕ, ಇವೆಲ್ಲವನ್ನೂ ದಾಟಿ ಡೀಸೆಲ್ ಪಂಪನ್ನು ಸೇರಬೇಕು. ಶೋಧಕದಲ್ಲಿ ಕೆಸರು ಕಟ್ಟಿದರೆ ಗಾಡಿ ನಿಧಾನವಾಗಿ ಓಡುವಾಗ ಚೆನ್ನಾಗಿಯೇ ಇರುತ್ತದೆ, ಏರಿನಲ್ಲಿ ಹೆಚ್ಚು ಬೇಡಿದಾಗ ಮಾತ್ರ ಸೋಲುತ್ತದೆ. ಶೋಧಕದ ತಳದ ತಿರುಪನ್ನು ಬಿಚ್ಚಿ ತಂಗಿದ ನೀರನ್ನು ಇಳಿಸುವ ಕೆಲಸವನ್ನು, ವಿಶೇಷವಾಗಿ ಮಳೆಗಾಲದ ನಂತರ, ಎಷ್ಟು ಜನ ಮಾಡುತ್ತಾರೆ? ಟ್ಯಾಂಕಿನ ಗಾಳಿರಂಧ್ರ ಮುಚ್ಚಿಹೋಗಿದ್ದರೆ ಗಾಡಿ ಹತ್ತಿಪ್ಪತ್ತು ಕಿಲೋಮೀಟರ್ ಹೋಗಿ ಸೋಲುತ್ತದೆ, ಸ್ವಲ್ಪ ಹೊತ್ತು ನಿಂತರೆ ಮತ್ತೆ ಸರಿಯಾಗುತ್ತದೆ. ಮುಚ್ಚಳ ತೆಗೆದಾಗ ‘ಉಸ್ಸ್’ ಎಂದು ಗಾಳಿಯನ್ನೆಳೆದುಕೊಂಡರೆ ಕಾರಣ ಸ್ಪಷ್ಟ.

ಎಲ್ಲಕ್ಕಿಂತ ಕಪಟಿ ಎಂದರೆ ಗಾಳಿ ಸೇರುವ ದೋಷ. ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಡೀಸೆಲನ್ನು ಎಳೆದುಕೊಳ್ಳಲಾಗುತ್ತದೆ. ಆದ್ದರಿಂದ ಅಲ್ಲಿ ಬಿರುಕು ಬಿದ್ದರೆ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದೇ ಇಲ್ಲ, ಹೊರಗಿನ ಗಾಳಿ ಒಳಗೆ ನುಸುಳುತ್ತದೆ. ನೆಲದ ಮೇಲೆ ಕಲೆ ಹುಡುಕುವವನಿಗೆ ಇದು ಸಿಕ್ಕುವುದಿಲ್ಲ. ಇದಕ್ಕೆ ಬಲು ಸರಳವಾದ ಎರಡು ಪರೀಕ್ಷೆಗಳಿವೆ. ಶೋಧಕಕ್ಕೂ ಪಂಪಿಗೂ ನಡುವೆ ಡೀಸೆಲ್ ತಾಳುವ ಪಾರದರ್ಶಕ ನಳಿಕೆಯ ತುಂಡೊಂದನ್ನು ಜೋಡಿಸಿ ಎಂಜಿನ್ ಓಡಿಸಿ. ಗುಳ್ಳೆಗಳು ಸಾಲುಗಟ್ಟಿ ಹೋಗುತ್ತಿದ್ದರೆ ಗಾಳಿ ಸೇರುತ್ತಿದೆ. ಎರಡನೆಯದು, ಶುದ್ಧ ಡೀಸೆಲ್ ತುಂಬಿದ ಡಬ್ಬಿಯೊಂದನ್ನು ಪಂಪಿಗಿಂತ ಎತ್ತರದಲ್ಲಿ, ಬಿಸಿ ಭಾಗಗಳಿಂದ ದೂರ ಭದ್ರವಾಗಿಟ್ಟು, ನೇರವಾಗಿ ಅದರಿಂದಲೇ ಪಂಪಿಗೆ ಇಂಧನ ಕೊಡುವುದು. ನಿಂತಲ್ಲೇ ಎಂಜಿನ್ನು ಮೊದಲಿನಂತೆ ಚುರುಕಾಗಿ ವೇಗ ಏರಿದರೆ ದೋಷ ಪಂಪಿನಲ್ಲಿಲ್ಲ, ಅದರ ಹಿಂದಿನ ದಾರಿಯಲ್ಲಿದೆ. ಈ ಒಂದು ಪರೀಕ್ಷೆ ಎಷ್ಟೋ ಪಂಪುಗಳನ್ನು ಅನ್ಯಾಯದ ಶಿಕ್ಷೆಯಿಂದ ಉಳಿಸಬಲ್ಲದು.

ಇದರ ಬೆನ್ನಿಗೆ ಒಂದು ಇತಿಹಾಸವೂ ಇದೆ. 1993ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗಂಧಕ ಕಡಿಮೆಯಿರುವ ಡೀಸೆಲ್ ಜಾರಿಗೆ ಬಂದಾಗ ಹಳೆಯ ಗಾಡಿಗಳ ಪಂಪುಗಳ ರಬ್ಬರ್ ಮುದ್ರೆಗಳು ಸೋರತೊಡಗಿದವು. ಹಳೆಯ ಡೀಸೆಲಿನಲ್ಲಿ ಉಬ್ಬಿ ಕುಳಿತಿದ್ದ ಮುದ್ರೆಗಳು ಹೊಸದರಲ್ಲಿ ಕುಗ್ಗಿದ್ದೇ ಕಾರಣ. ನಮ್ಮ ದೇಶದಲ್ಲಿಯೂ 2020ರ ಏಪ್ರಿಲಿನಿಂದ ಹತ್ತು ಲಕ್ಷದಲ್ಲಿ 10 ಭಾಗ ಮಾತ್ರ ಗಂಧಕವಿರುವ ಡೀಸೆಲ್ ಬಂದಿದೆ. ಇದು ಶ್ವಾಸಕೋಶಗಳಿಗೆ ಒಳ್ಳೆಯ ಸುದ್ದಿಯೇ. ಆದರೆ ಇಪ್ಪತ್ತು ವರ್ಷದ ಹಳೆಯ ರಬ್ಬರನ್ನು ಅನುಮಾನದಿಂದ ನೋಡಲು ಇನ್ನೊಂದು ಕಾರಣ ಸಿಕ್ಕಂತಾಯಿತು.

ಹೊಗೆಯನ್ನು ಓದಲು ಕಲಿಯಿರಿ ಎಂದು ನಾನು ಮನೆಯ ಮಕ್ಕಳಿಗೆಲ್ಲ ಹೇಳುತ್ತೇನೆ. ಕಪ್ಪು ಹೊಗೆಯೆಂದರೆ ಇಂಧನಕ್ಕೆ ತಕ್ಕ ಗಾಳಿಯಿಲ್ಲ. ಶೋಧಕ, ಟರ್ಬೊ ಕೊಳವೆ, ಇಲ್ಲವೆ ಮಂಜಾಗಿ ಸಿಂಪಡಿಸದೆ ಧಾರೆ ಸುರಿಸುವ ನಾಜಲು. ಎಂಜಿನ್ ಕಾದ ಮೇಲೂ ಬಿಳಿ ಹೊಗೆಯೆಂದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ. ವೇಳೆ ತಪ್ಪಿರಬಹುದು, ಒತ್ತಡ ಕುಸಿದಿರಬಹುದು. ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನೂ ನೋಡಬೇಕು. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಹೊಗೆಯೂ ಇಲ್ಲ, ಶಕ್ತಿಯೂ ಇಲ್ಲ ಎಂದಾದರೆ ಎಂಜಿನ್ನು ಹಸಿದಿದೆ. ಇಂಧನದ ದಾರಿಯನ್ನೂ ಪೆಡಲಿನ ತಂತಿಯನ್ನೂ ಹುಡುಕಬೇಕು. ಹೊಗೆಯಿಲ್ಲದ ಗಾಡಿಗೆ ‘ಬೋರ್’ ಮಾಡಿಸಲು ಹೇಳುವವರ ಮಾತನ್ನು ಎರಡು ಸಲ ಯೋಚಿಸಿ ಕೇಳಿ.

ನನ್ನ ಬಂಧುವೊಬ್ಬರ ಇಂಡಿಕಾದ ಕಥೆ ಇದಕ್ಕೆ ತಕ್ಕ ಉದಾಹರಣೆ. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಐದು ಜನರನ್ನು ಹೊತ್ತು ಹೊರಟ ಗಾಡಿ ಏರಿನಲ್ಲಿ ನಿಂತೇಬಿಟ್ಟಿತು. ಹೊಗೆ ಸ್ವಲ್ಪವೂ ಇರಲಿಲ್ಲ. ಒಂದು ಗ್ಯಾರೇಜಿನಲ್ಲಿ ಪಂಪು ಬದಲಿಸಲು ಹೇಳಿದರು. ಅವರ ಕೈಯಲ್ಲಿ ಅಷ್ಟು ಹಣವಿರಲಿಲ್ಲವಾದ್ದರಿಂದ ಪಂಪಿನ ಮೇಲಿನ ತಿರುಪನ್ನು ತಿರುಗಿಸಿ ಇಂಧನ ಹೆಚ್ಚಿಸಿ ಕಳುಹಿಸಿದರು. ಒಂದು ವಾರ ಗಾಡಿ ತುಸು ಓಡಿದಂತೆ ಕಂಡಿತು, ಆಮೇಲೆ ಮತ್ತೆ ಅದೇ ಪಾಡು. ಕೊನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಐ.ಟಿ.ಐ.ಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತವನು, ಪಾರದರ್ಶಕ ನಳಿಕೆ ಹಾಕಿ ಅರ್ಧ ಗಂಟೆ ನೋಡಿದ. ಗುಳ್ಳೆಗಳು ಕಂಡವು. ಟ್ಯಾಂಕಿನ ಹತ್ತಿರದ ಗೇಣುದ್ದದ ರಬ್ಬರ್ ನಳಿಕೆ ಒಣಗಿ ಸೀಳಿತ್ತು. ಅದನ್ನು ಬದಲಿಸಿ, ಶೋಧಕವನ್ನೂ ಹೊಸದು ಹಾಕಿ, ತಿರುಪನ್ನು ಮೊದಲಿನ ಜಾಗಕ್ಕೆ ತಂದ. ಬಿಡಿಭಾಗದ ಖರ್ಚು ಕೆಲವೇ ನೂರು ರೂಪಾಯಿ.

ಆ ತಿರುಪಿನ ವಿಷಯದಲ್ಲಿ ನಾನು ಕಠಿಣವಾಗಿಯೇ ಹೇಳುತ್ತೇನೆ: ಅದನ್ನು ಮುಟ್ಟಗೊಡಬೇಡಿ. ಕಾರ್ಖಾನೆಯಲ್ಲಿ ಅಳೆದು ಮೊಹರು ಮಾಡಿದ ಅಳತೆ ಅದು. ಮೂಲ ಕಾರಣವನ್ನು ಬಿಟ್ಟು ಅದನ್ನು ತಿರುವುವುದೆಂದರೆ ಜ್ವರದ ಕಾರಣ ತಿಳಿಯದೆ ರೋಗಿಯನ್ನು ಚಾಟಿಯಿಂದ ಓಡಿಸಿದಂತೆ. ಮಿತಿಮೀರಿದ ಇಂಧನದಿಂದ ಕಪ್ಪು ಹೊಗೆ, ಅತಿಯಾದ ಶಾಖ, ಕೊನೆಗೆ ಪಿಸ್ಟನ್ನಿಗೇ ಅಪಾಯ. ಅದರಂತೆ, ಶಕ್ತಿ ಕಡಿಮೆಯೆಂದು ಗ್ಲೋ ಪ್ಲಗ್ ಬದಲಿಸುವುದೂ ವ್ಯರ್ಥ. ಅವು ತಣ್ಣಗಿನ ಎಂಜಿನ್ನನ್ನು ಚಾಲೂ ಮಾಡಲು ಇರುವಂಥವು, ಏರು ಹತ್ತಿಸಲು ಅಲ್ಲ.

ಇವನ್ನೆಲ್ಲ ನೋಡಿಯೂ ಕಾರಣ ಸಿಗದಿದ್ದರೆ ಆಗ ತುಟ್ಟಿಯ ಪರೀಕ್ಷೆಗಳಿಗೆ ಬರಬೇಕು. ಸಿಲಿಂಡರುಗಳ ಒತ್ತಡವನ್ನು ಮಾಪಕದಿಂದ ಅಳೆಯಿಸಿ, ನಾಲ್ಕರ ಅಂಕಿಗಳನ್ನೂ ಬರೆದುಕೊಳ್ಳಿ. ನಾಲ್ಕೂ ಒಂದಕ್ಕೊಂದು ಹತ್ತಿರವಿವೆಯೇ, ಕಂಪನಿಯ ಮಿತಿಯೊಳಗಿವೆಯೇ ಎಂಬುದು ಮುಖ್ಯ. ನಾಜಲುಗಳನ್ನು ಪರೀಕ್ಷಾಯಂತ್ರದ ಮೇಲೆ ನಿಮ್ಮೆದುರಿಗೇ ಸಿಂಪಡಿಸಿ ತೋರಿಸಲು ಹೇಳಿ. ಪಂಪಿನ ಕೆಲಸವನ್ನು ಅದಕ್ಕೆಂದೇ ಇರುವ ಪಂಪ್ ರೂಮಿನಲ್ಲಿ ಮಾತ್ರ ಮಾಡಿಸಿ. ಇಲ್ಲಿ ಎಚ್ಚರಿಕೆಯ ಮಾತೊಂದು: ನಾಜಲಿನ ಧಾರೆಗೆ ಎಂದೂ ಬೆರಳು ಒಡ್ಡಬೇಡಿ. ಆ ಒತ್ತಡದಲ್ಲಿ ಡೀಸೆಲ್ ಚರ್ಮವನ್ನು ತೂರಿ ಒಳಹೊಕ್ಕು ಕೈಯನ್ನೇ ಕಳೆಯಬಲ್ಲದು. ಕಾಮನ್ ರೈಲ್ ಇರುವ ಈಚಿನ ಗಾಡಿಗಳಲ್ಲಿ ಒತ್ತಡ ಸಾವಿರಕ್ಕೂ ಹೆಚ್ಚು ಪಟ್ಟು ವಾಯುಭಾರ. ಅವುಗಳ ಕೊಳವೆಯನ್ನು ಎಂಜಿನ್ ಓಡುವಾಗ ಸಡಿಲಿಸಲೇಬಾರದು. ಅಂಥ ಗಾಡಿಗಳಲ್ಲಿ ಎಚ್ಚರಿಕೆಯ ದೀಪ ಹೊತ್ತಿದ್ದರೆ ಮೊದಲು ಯಂತ್ರದಿಂದ ಸಂಕೇತವನ್ನು ಓದಿಸಬೇಕು. ಆದರೆ ಆ ಸಂಕೇತವೂ ತೀರ್ಪಲ್ಲ, ಸಾಕ್ಷ್ಯ ಮಾತ್ರ. ‘ಇಂಧನದ ಒತ್ತಡ ಕಡಿಮೆ’ ಎಂದು ಯಂತ್ರ ಹೇಳಿದರೆ ಕಟ್ಟಿಕೊಂಡ ಶೋಧಕವೂ ಕಾರಣವಿರಬಹುದು.

ಈಗ ಅಭಿಪ್ರಾಯದ ಮುಖ್ಯ ಭಾಗಕ್ಕೆ ಬರುತ್ತೇನೆ. ಮೆಕ್ಯಾನಿಕ್ಕುಗಳನ್ನು ಬೈದು ಲೇಖನ ಮುಗಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಮೇಲೆ ಹೇಳಿದ ನನ್ನ ವಿದ್ಯಾರ್ಥಿ ಅರ್ಧ ಗಂಟೆ ನೋಡಿ ಕಾರಣ ಕಂಡುಹಿಡಿದಾಗ, ‘ಒಂದು ಪೈಪಿಗೆ ಇಷ್ಟೇಕೆ?’ ಎಂದು ಅಲ್ಲಿದ್ದವರೊಬ್ಬರು ಚೌಕಾಶಿ ಮಾಡಿದರು. ಪಂಪಿಗೆ ಸಾವಿರಗಟ್ಟಲೆ ಕೊಡಲು ಸಿದ್ಧರಿರುವ ನಾವು ಬುದ್ಧಿಗೆ ಐನೂರು ಕೊಡಲು ಹಿಂಜರಿಯುತ್ತೇವೆ. ಬಿಡಿಭಾಗ ಮಾರಿದರೆ ಮಾತ್ರ ಹೊಟ್ಟೆ ತುಂಬುವುದು ಎಂದಾದರೆ ಬಿಡಿಭಾಗ ಮಾರುವ ಮೆಕ್ಯಾನಿಕ್ಕೇ ಉಳಿಯುತ್ತಾನೆ, ವಿಚಾರ ಮಾಡುವವನು ಊರು ಬಿಡುತ್ತಾನೆ. ವೈದ್ಯರಿಗೆ ನೋಡಿದ್ದಕ್ಕೆ ಶುಲ್ಕ ಕೊಡುವುದಿಲ್ಲವೇ? ಔಷಧ ಬರೆಯದಿದ್ದರೆ ಶುಲ್ಕವಿಲ್ಲ ಎನ್ನುತ್ತೇವೆಯೇ? ಗಾಡಿ ಒಯ್ದಾಗ ಮೊದಲೇ ಹೇಳಿಬಿಡಿ: ‘ಕಾರಣ ಹುಡುಕಿದ್ದಕ್ಕೆ ಇಷ್ಟು ಕೊಡುತ್ತೇನೆ, ಬದಲಿಸುವ ಮಾತು ಆಮೇಲೆ.’ ಈ ಒಂದು ಮಾತಿನಿಂದ ಎದುರಿನವನ ಕೆಲಸದ ಕ್ರಮವೇ ಬದಲಾಗುವುದನ್ನು ನಾನು ನೋಡಿದ್ದೇನೆ.

ನಮ್ಮ ಸಿರಸಂಗಿಗೆ ಈ ಮಾತು ಹೆಚ್ಚಾಗಿ ಒಪ್ಪುತ್ತದೆ. ಇಲ್ಲಿಯ ಕಾಳಿಕಾದೇವಿ ವಿಶ್ವಕರ್ಮರ ಆರಾಧ್ಯ ದೇವತೆ. ಕಬ್ಬಿಣ, ಮರ, ಕಂಚು, ಕಲ್ಲು, ಬಂಗಾರ ಈ ಐದರಲ್ಲಿ ಕೈಚಳಕ ತೋರುವ ಜನ ದೂರದೂರದಿಂದ ಈ ಗುಡಿಗೆ ನಡೆದುಕೊಳ್ಳುತ್ತಾರೆ. ಇದೇ ಊರಿನ ದೇಸಗತಿಯ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಅವರ ಹೆಸರಿನ ಕಾಲೇಜು ಬೆಳಗಾವಿಯಲ್ಲಿದೆ. ಕೈಯ ಕೆಲಸಕ್ಕೂ ತಲೆಯ ಕೆಲಸಕ್ಕೂ ಗೌರವ ಸಲ್ಲಿಸಿದ ಊರಿನವರು ನಾವು. ಅವೆರಡೂ ಕೂಡಿರುವ ಮೆಕ್ಯಾನಿಕ್ಕನ ಮುಂದೆ ಮಾತ್ರ ಏಕೆ ಚೌಕಾಶಿ? ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಪಂಪು ನಾಜಲುಗಳನ್ನು ಬಿಚ್ಚಿ ಜೋಡಿಸುತ್ತಲೇ ನಮ್ಮ ರಾಜ್ಯದ ಒಂದಿಡೀ ತಲೆಮಾರು ಡೀಸೆಲ್ ವಿದ್ಯೆ ಕಲಿಯಿತು. ಅವರಿಗೆ ವಯಸ್ಸಾಗಿದೆ. ಅವರ ಬಳಿ ಕಲಿಯಲು ಹುಡುಗರು ನಿಲ್ಲಬೇಕಾದರೆ ಆ ವಿದ್ಯೆಗೆ ಬೆಲೆ ಇರಬೇಕು.

ಹಳೆಯ ಡೀಸೆಲ್ ಗಾಡಿಗಳನ್ನು ಎಂದೆಂದಿಗೂ ಓಡಿಸುತ್ತಲೇ ಇರಿ ಎಂಬುದು ನನ್ನ ವಾದವಲ್ಲ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಸಾರಿದೆ. ಸ್ವಂತದ ಕಾರಿಗೆ 15 ವರ್ಷವಾದ ಮೇಲೆ ಯೋಗ್ಯತೆ ತೋರಿಸಿ ನೋಂದಣಿ ನವೀಕರಿಸಬೇಕೆಂಬ ಕಾನೂನು ಸರಿಯಾಗಿಯೇ ಇದೆ. ಒತ್ತಡ ಕುಸಿದು ನೀಲಿ ಹೊಗೆಯುಗುಳುವ ಎಂಜಿನ್ನಿಗೆ ಗಾಡಿಯ ಬೆಲೆಗಿಂತ ಹೆಚ್ಚು ಸುರಿಯುವುದು ಮೋಹ. ಅಂಥದಕ್ಕೆ ಗೌರವದಿಂದ ವಿದಾಯ ಹೇಳಬೇಕು. ಆದರೆ ಆ ನಿರ್ಧಾರ ಅಳತೆಯ ಮೇಲೆ ನಿಲ್ಲಬೇಕು, ಬೇಸರದ ಮೇಲಲ್ಲ. ಗೇಣುದ್ದದ ರಬ್ಬರಿಗಾಗಿ ಗಾಡಿಯನ್ನು ಗುಜರಿಗೆ ಕಳುಹಿಸಿ ಸಾಲ ಮಾಡಿ ಹೊಸದನ್ನು ಕೊಳ್ಳುವ ಸ್ಥಿತಿಯಲ್ಲಿ ನಮ್ಮ ಹಳ್ಳಿಯ ಬಹುಪಾಲು ಮನೆಗಳಿಲ್ಲ. ಕಟ್ಟಿಕೊಂಡ ಶೋಧಕದಿಂದ ಬರುವ ಕಪ್ಪು ಹೊಗೆಯೂ ಯಾರೂ ಕುಡಿಯಬೇಕಾಗಿಲ್ಲದ ವಿಷ.

ದೂರದ ಊರುಗಳಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ವಿನಂತಿ. ಊರಿನಿಂದ ಫೋನ್ ಬಂದಾಗ ‘ಮಾರಿಬಿಡಿ’ ಎನ್ನುವ ಮೊದಲು ಕೆಲವು ಪ್ರಶ್ನೆ ಕೇಳಿ. ಶಕ್ತಿ ಒಮ್ಮೆಲೇ ಹೋಯಿತೇ, ದಿನಕಳೆದಂತೆ ಹೋಯಿತೇ? ಹೊಗೆಯ ಬಣ್ಣ ಯಾವುದು? ಕಾದ ಮೇಲೆ ಸೋಲುವುದೇ, ಮೊದಲಿನಿಂದಲೇ? ಕೊನೆಯ ಸಲ ಗ್ಯಾರೇಜಿನಲ್ಲಿ ಏನನ್ನು ಮುಟ್ಟಿದ್ದರು? ಶೋಧಕಗಳನ್ನು ಬದಲಿಸಿ ಎಷ್ಟು ದಿನವಾಯಿತು? ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದು ಮೆಕ್ಯಾನಿಕ್ಕನ ಕೈಗೆ ಕೊಡಲು ಹೇಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ಬರೆದಿಡಿ. ಪ್ರಯೋಗಾಲಯದಲ್ಲಿ ನಾವು ಕಲಿತದ್ದು ಇದನ್ನೇ ಅಲ್ಲವೇ? ಪರೀಕ್ಷೆಯ ಅಂಕಗಳಿಗಾಗಿ ಕಲಿತ ಆ ಕ್ರಮ ತಂದೆತಾಯಿಯರ ಗಾಡಿಯನ್ನು ಏರು ಹತ್ತಿಸಲು ಉಪಯೋಗಕ್ಕೆ ಬಂದರೆ ಕಲಿಸಿದವನಿಗೆ ಅದಕ್ಕಿಂತ ಹೆಚ್ಚಿನ ಸಂತೋಷವಿಲ್ಲ.

ಎಲ್ಲರಿಗೂ ಶುಭವಾಗಲಿ. ಗಾಡಿಯನ್ನು ನಿಧಾನವಾಗಿ ಓಡಿಸಿ.